ಬೀದಿಯ ತರಗೆಲೆ, ಅಡುಗೆಮನೆಯ ಸಿಪ್ಪೆ

ಫೆಬ್ರವರಿ ಬಂತೆಂದರೆ ಬೆಂಗಳೂರಿನ ನಮ್ಮ ಬೀದಿಯಲ್ಲಿ ಮಹಾಗನಿ, ಕಾಡುಬಾದಾಮಿ ಮರಗಳು ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸಿ ರಾಶಿ ಹಾಕುತ್ತಾರೆ. ಎಷ್ಟೋ ಸಲ ಅಲ್ಲೇ ಕಡ್ಡಿ ಗೀರಿಬಿಡುತ್ತಾರೆ. ಅದೇ ಹೊತ್ತಿಗೆ ಹಸಿ ಕಸದ ಗಾಡಿ ಬಂದು ಬಾಳೆಹಣ್ಣಿನ ಸಿಪ್ಪೆ, ಹುರುಳಿಕಾಯಿ ನಾರು, ಕಾಫಿ ಚರಟ ಎಲ್ಲವನ್ನೂ ಊರಾಚೆಗೆ ಹೊತ್ತೊಯ್ಯುತ್ತದೆ. ಒಂದನ್ನು ಸುಟ್ಟೆವು, ಇನ್ನೊಂದನ್ನು ದೂರ ಕಳಿಸಿದೆವು. ಎರಡೂ ಕೂಡಿದ್ದರೆ ಒಳ್ಳೆಯ ಗೊಬ್ಬರವಾಗುತ್ತಿತ್ತು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈ ಜೋಡಿಯ ಬೆಲೆ ನನಗೆ ಗೊತ್ತಾದದ್ದು ನಾತದಿಂದ. ಮೊದಲ ಸಲ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಬಕೆಟ್‌ಗೆ ಬರೀ ತರಕಾರಿ ಸಿಪ್ಪೆ ತುಂಬಿದ್ದೆ. ವಾರದೊಳಗೆ ತಳದಲ್ಲಿ ನೀರು ನಿಂತು, ಕೊಳೆತ ಮೊಟ್ಟೆಯ ವಾಸನೆ ಮನೆಯೆಲ್ಲ ಹಬ್ಬಿತು.

ಕಸವನ್ನು ಗೊಬ್ಬರ ಮಾಡುವುದು ಸೂಕ್ಷ್ಮಜೀವಿಗಳು. ಅವುಗಳ ಊಟಕ್ಕೂ ಒಂದು ಲೆಕ್ಕ ಇದೆ. ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ ಬೇಕು. ಇಂಗಾಲ ಅಷ್ಟೊಂದು ಯಾಕೆ? ಅದರಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಮಾತ್ರ ಅವುಗಳ ಮೈಗೆ ಸೇರುತ್ತದೆ. ಉಳಿದದ್ದನ್ನು ಅವು ಶಕ್ತಿಗಾಗಿ ಬಳಸಿ, ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಬಿಟ್ಟುಬಿಡುತ್ತವೆ. ತುಂಬಿದ ಡಬ್ಬ ದಿನೇ ದಿನೇ ಇಳಿಯುತ್ತದಲ್ವಾ, ಇದೂ ಅದಕ್ಕೆ ಕಾರಣ. ತರಕಾರಿ ಸಿಪ್ಪೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ಇರುವುದು 15-20 ಪಾಲು. ಹೆಚ್ಚಿನ ತರಗೆಲೆಗಳಲ್ಲಿ ಅದು 40ರಿಂದ 60. ಎರಡನ್ನೂ ಬೆರೆಸಿದರೆ ಲೆಕ್ಕ ತಾನೇ ಕೂಡಿಬರುತ್ತದೆ. (ಹೊಂಗೆ ಮಾತ್ರ ಬೇರೆ. ಅದರ ಎಲೆಯಲ್ಲಿ ಸಾರಜನಕ ಜಾಸ್ತಿ. ಅದಕ್ಕೇ ರೈತರು ಹೊಂಗೆ ಸೊಪ್ಪನ್ನು ಹಸಿಯಾಗಿಯೇ ಗದ್ದೆಗೆ ತುಳಿಯುತ್ತಾರೆ.)

ತರಗೆಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸಿಪ್ಪೆಗಳ ನಡುವೆ ಸಂದು ಬಿಡಿಸಿ ಗಾಳಿಗೆ ದಾರಿ ಮಾಡುತ್ತದೆ, ಹೆಚ್ಚಿನ ನೀರನ್ನು ಹೀರುತ್ತದೆ. ಗಾಳಿ ಇಲ್ಲದ ಕಡೆ ಬೇರೆಯೇ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಕೊಳೆತ ಮೊಟ್ಟೆಯ ಹಾಗೆ ನಾರುವ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಎಂಬ ಅನಿಲಗಳು ಅವುಗಳ ಕೊಡುಗೆ. ನನ್ನ ಬಕೆಟ್‌ನಲ್ಲಿ ಆದದ್ದು ಇದೇ. ಊರಿನ ಕಸವೆಲ್ಲ ಒಂದೇ ಕಡೆ ಗುಡ್ಡ ಬಿದ್ದಾಗ ಆಗುವುದೂ ಇದೇ. ಮಂಡೂರಿನ ಜನ ವರ್ಷಗಟ್ಟಲೆ ಬೆಂಗಳೂರಿನ ಕಸದ ನಾತ ಸಹಿಸಿದರು. ಅವರು ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಮೀಥೇನ್ ಅಂತೂ 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಜೋಡಿ ಹೊಸದೇನಲ್ಲ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಸೊಪ್ಪು, ದರಕು (ಅಂದರೆ ತರಗೆಲೆ) ಹಾಸುತ್ತಾರೆ. ಅದು ಗಂಜಳ ಹೀರಿ, ಸಗಣಿಯ ಜೊತೆ ಬೆರೆತು ಗೊಬ್ಬರಗುಂಡಿ ಸೇರುತ್ತದೆ. ಸಾರಜನಕ ಗಂಜಳದ್ದು, ಇಂಗಾಲ ದರಕಿನದು. ಇದಕ್ಕೆಂದೇ ಉತ್ತರ ಕನ್ನಡ, ಶಿವಮೊಗ್ಗದ ಕಡೆ ತೋಟಗಳಿಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ದರಕು ತರಲು ಬಿಟ್ಟುಕೊಟ್ಟ ಕಾಡು ಇದೆ. ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಗಿಡದ ಕಸ ಮತ್ತು ಸಗಣಿಯನ್ನು ಪದರ ಪದರವಾಗಿ ಹಾಕಿ ಮಗುಚುವ ವಿಧಾನವನ್ನು ರೂಪಿಸಿದರು. ಜಗತ್ತು ಅದನ್ನು ಇಂದೋರ್ ವಿಧಾನ ಎಂದು ಕರೆಯಿತು. ನಮ್ಮ ರೈತರಿಂದ ತಾವು ಕಲಿತದ್ದನ್ನು ಅವರೂ ಒಪ್ಪಿಕೊಂಡಿದ್ದರು.

ಈಗ ನನ್ನ ಡಬ್ಬಕ್ಕೆ ಸುತ್ತ ತೂತುಗಳಿವೆ. ಒಂದು ಬಟ್ಟಲು ಸಿಪ್ಪೆ ಹಾಕಿದರೆ, ಮೇಲೆ ಒಂದೂವರೆ ಬಟ್ಟಲಿನಷ್ಟು ಪುಡಿ ಮಾಡಿದ ತರಗೆಲೆ. ವಾರಕ್ಕೊಮ್ಮೆ ಕೋಲಿನಿಂದ ಮಗುಚುತ್ತೇನೆ. ಒಂದು ಹಿಡಿ ತೆಗೆದು ಹಿಂಡಿದರೆ ಹನಿ ಎರಡು ಹನಿ ನೀರು ಬರಬೇಕು, ಅಷ್ಟೇ. ಸುರಿದರೆ ಎಲೆ ಸೇರಿಸಿ. ಪುಡಿಪುಡಿಯಾದರೆ ನೀರು ಚಿಮುಕಿಸಿ. ಎಣ್ಣೆ, ಮೂಳೆ, ಉಪ್ಪು ಜಾಸ್ತಿ ಇರುವ ಸಾರು ಬೇಡ. ಕೆಲವೊಮ್ಮೆ ದಪ್ಪ ಹುಳುಗಳು ಕಾಣಿಸುತ್ತವೆ. ಹೆದರಬೇಡಿ. ಅವು ಹೆಚ್ಚಾಗಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಸ ತಿನ್ನುವುದರಲ್ಲಿ ಅವನ್ನು ಮೀರಿಸುವವರಿಲ್ಲ. ಬೆಳೆದ ನೊಣ ಮನೆನೊಣದ ಹಾಗೆ ನಮ್ಮ ಊಟದ ಮೇಲೆ ಮುತ್ತುವುದಿಲ್ಲ.

ಎರಡು ಮೂರು ತಿಂಗಳಲ್ಲಿ ಸಿಪ್ಪೆಯ ಗುರುತೇ ಸಿಗುವುದಿಲ್ಲ. ಮುಚ್ಚಳ ತೆಗೆದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಆ ವಾಸನೆ ಜಿಯೋಸ್ಮಿನ್ ಎಂಬ ವಸ್ತುವಿನದು, ಅದನ್ನು ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾಗಳು. ಗೊಬ್ಬರ ಪಕ್ವವಾಯಿತೇ ಎಂದು ತಿಳಿಯಲು ನಾನು ನಂಬುವುದು ಇದನ್ನೇ.

ಒಂದು ಮೀಟರ್ ಉದ್ದ, ಅಗಲ, ಎತ್ತರದ ರಾಶಿಯಾದರೆ ಸೂಕ್ಷ್ಮಜೀವಿಗಳ ಬಿಸಿ ಒಳಗೇ ಉಳಿದು 60 ಡಿಗ್ರಿ ಮುಟ್ಟುತ್ತದೆ. ಅಷ್ಟು ಬಿಸಿಗೆ ಹೆಚ್ಚಿನ ಬೀಜಗಳು ಸಾಯುತ್ತವೆ. ಮನೆಯ ಡಬ್ಬ ಬೆಚ್ಚಗಾಗುತ್ತದೆ ಅಷ್ಟೇ. ಹಾಗಾಗಿ ಈ ಗೊಬ್ಬರ ಹಾಕಿದ ಕುಂಡದಲ್ಲೆಲ್ಲ ಯಾರೂ ಬಿತ್ತದ ಟೊಮೆಟೊ ಸಸಿಗಳು ಏಳುತ್ತವೆ. ಈ ವರ್ಷ ಕರಿಬೇವಿನ ಕುಂಡದಲ್ಲಿ ಕುಂಬಳದ ಬಳ್ಳಿಯೊಂದು ಎದ್ದಿದೆ. ಈಗಾಗಲೇ ಮಹಡಿಯ ಕಂಬಿ ಹಿಡಿದಿದೆ.