ಹರಕೆ ಹೊತ್ತರೆ ಮಾತ್ರೆ ಯಾಕೆ ಬಿಡಬೇಕು?

‘ದೇವರ ಮೇಲೆ ಭಾರ ಹಾಕಿದ್ದೀವಿ ಡಾಕ್ಟ್ರೇ, ಅದಕ್ಕೇ ಮಾತ್ರೆ ನಿಲ್ಲಿಸಿದೆವು.’ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹರಕೆಗೆ ನನ್ನ ತಕರಾರಿಲ್ಲ. ದೇವರನ್ನು ನಂಬಬೇಕಾದರೆ ವೈದ್ಯರನ್ನು ಬಿಡಬೇಕು ಅಂತ ಯಾರು ಹೇಳಿದರು?

ಇಂಥವರಿಗೆ ನಾನು ಪೆರ್ಗಮಮ್ ಕಥೆ ಹೇಳುತ್ತೇನೆ. ಈಗಿನ ಟರ್ಕಿಯ ಬೆರ್ಗಾಮಾ ಊರು. ಅಲ್ಲಿ ಅಸ್ಕ್ಲೇಪಿಯಸ್ ಎಂಬ ವೈದ್ಯದೇವರ ದೊಡ್ಡ ಕ್ಷೇತ್ರವಿತ್ತು. ರೋಗಿಗಳು ಅಲ್ಲಿನ ಬುಗ್ಗೆಯಲ್ಲಿ ಮಿಂದು, ರಾತ್ರಿ ಅಲ್ಲೇ ಮಲಗುತ್ತಿದ್ದರು. ದೇವರು ಕನಸಿಗೆ ಬಂದು ಮದ್ದು ಹೇಳುತ್ತಾನೆ ಅನ್ನೋ ನಂಬಿಕೆ. ಏಲಿಯಸ್ ಅರಿಸ್ಟೈಡಿಸ್ ಎಂಬ ಪ್ರಸಿದ್ಧ ಮಾತುಗಾರ ಕ್ರಿ.ಶ. 140ರ ದಶಕದಲ್ಲಿ ಎರಡು ವರ್ಷದಷ್ಟು ಕಾಲ ಅಲ್ಲೇ ಇದ್ದ. ಆತ ತನ್ನ ಕನಸುಗಳನ್ನು ಥಿಯೋಡೋಟಸ್ ಎಂಬ ವೈದ್ಯನಿಗೂ ಹೇಳುತ್ತಿದ್ದ. ಗಮನಿಸಿ, ದೇವರ ಅಂಗಳದಲ್ಲೇ ವೈದ್ಯನೂ ಇದ್ದ.

ಗೇಲನ್ ಎಂಬ ಹೆಸರಾಂತ ವೈದ್ಯ ಹುಟ್ಟಿದ್ದೂ ಅದೇ ಊರಲ್ಲಿ, ಕ್ರಿ.ಶ. 129ರಲ್ಲಿ. ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಯುರೋಪಿನವರೂ ಅರಬ್ಬರೂ ಓದಿದ್ದು ಇವನ ವೈದ್ಯವನ್ನೇ. ಅಪ್ಪ ನೈಕಾನ್ ವಾಸ್ತುಶಿಲ್ಪಿ. ಅಪ್ಪನಿಗೆ ಬಿದ್ದ ಕನಸಿನಿಂದಲೇ ಹುಡುಗ ವೈದ್ಯ ಕಲಿಯಲು ಹೋದ. 157ರ ಹೊತ್ತಿಗೆ ಪೆರ್ಗಮಮ್‌ನ ಗ್ಲೇಡಿಯೇಟರ್‌ಗಳ (ಜನರೆದುರು ಅಖಾಡದಲ್ಲಿ ಕಾದಾಡುವವರು) ಗಾಯಗಳಿಗೆ ಚಿಕಿತ್ಸೆ ಕೊಡುತ್ತಿದ್ದ. ಮಂಗ, ಹಂದಿಗಳನ್ನು ಕೊಯ್ದು ನರಗಳ ಕೆಲಸ ತಿಳಿದುಕೊಂಡ. ಕಣ್ಣಾರೆ ನೋಡದೆ ಒಪ್ಪಬೇಡಿ ಅನ್ನುವ ಮನುಷ್ಯ. ತನಗೆ ಜೀವಕ್ಕೆ ಕುತ್ತಾಗುವಂಥ ಕುರು ಆದಾಗ ಉಳಿಸಿದ್ದು ಅಸ್ಕ್ಲೇಪಿಯಸ್ಸೇ ಅಂತ ಬರೆದವನೂ ಇವನೇ! ಯುದ್ಧಕ್ಕೆ ಜೊತೆಗೆ ಬಾ ಅಂತ ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕರೆದಾಗ, ನನ್ನ ದೇವರು ಬೇಡ ಅಂದಿದ್ದಾನೆ ಅಂತ ಹೇಳಿ ಉಳಿದುಕೊಂಡ.

ಅವನ ಒಂದು ದೂರು ನನಗೆ ತುಂಬ ಹತ್ತಿರ. ಹದಿನೈದು ದಿನ ಏನೂ ಕುಡಿಯಬೇಡ ಅಂತ ದೇವರು ಹೇಳಿದರೆ ಪೆರ್ಗಮಮ್‌ನ ರೋಗಿಗಳು ಪಾಲಿಸುತ್ತಾರಂತೆ. ಅದನ್ನೇ ವೈದ್ಯ ಹೇಳಿದರೆ ಯಾರೂ ಕೇಳುವುದಿಲ್ಲವಂತೆ. (ದಯವಿಟ್ಟು ಯಾರೂ ಇದನ್ನು ಮಾಡಿ ನೋಡಬೇಡಿ.) ರೋಗಿ ನಂಬಿಕೆಯಿಟ್ಟು ಪಥ್ಯ ಹಿಡಿದರೆ ಚಿಕಿತ್ಸೆಗೂ ಬಲ ಅನ್ನೋದು ಅವನಿಗೆ ಗೊತ್ತಿತ್ತು.

ಕನಸಲ್ಲಿ ನಿಜಕ್ಕೂ ದೇವರು ಬಂದನೇ ಅನ್ನುವುದು ನಾನು ತೀರ್ಪು ಕೊಡುವ ವಿಷಯವಲ್ಲ. ಮಾತ್ರೆಯ ವಿಷಯ ಮಾತ್ರ ಹೇಳಬಲ್ಲೆ. ಫಿಟ್ಸ್ ಮಾತ್ರೆಯನ್ನು ಸುಮ್ನೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮತ್ತೆ ಬರಬಹುದು. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವುದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಶುಗರ್ ಇದ್ದು ಉಪವಾಸ ಮಾಡುವುದಾದರೆ ಒಂದು ವಾರ ಮೊದಲೇ ನಿಮ್ಮ ವೈದ್ಯರನ್ನು ನೋಡಿ. ಇನ್ಸುಲಿನ್, ಕೆಲವು ಮಾತ್ರೆಗಳ ಪ್ರಮಾಣ ಬದಲಿಸಬೇಕಾಗಬಹುದು, ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಹರಕೆಗೆ ಬೆಟ್ಟ ಹತ್ತುವವರು ಮಾತ್ರೆ, ಸ್ವಲ್ಪ ಸಕ್ಕರೆ ಎರಡನ್ನೂ ಜೇಬಲ್ಲೇ ಇಟ್ಟುಕೊಳ್ಳಿ, ಬಸ್ಸಿನ ಬ್ಯಾಗಲ್ಲಿ ಬಿಟ್ಟು ಹೋಗಬೇಡಿ.