ಎಎಲ್‌ಸಿ ಮುಳ್ಳು ಕುಣಿದ ಮಾತ್ರಕ್ಕೆ ಸಿಗ್ನಲ್ ದೂರ ಹೋಗುವುದಿಲ್ಲ

"ಸಾರ್, ಎಲ್ಲಾ ಫುಲ್ ಇಟ್ಟಿದ್ದೀನಿ. ಆದ್ರೂ ಅಮೆರಿಕ ಸಿಗ್ತಿಲ್ಲ. ಈ ಫ್ರೀ ಸಾಫ್ಟ್‌ವೇರೇ ಸರಿ ಇಲ್ಲ ಅನ್ಸುತ್ತೆ, ಬೇರೆ ಯಾವುದಾದ್ರೂ ಹಾಕಿಕೊಡ್ತೀರಾ?"

ತಿಂಗಳಿಗೆ ಎರಡು ಮೂರು ಸಲವಾದರೂ ಇಂಥ ಫೋನ್ ಬರುತ್ತದೆ. ನಾನು ಹ್ಯಾಮ್ (ಹವ್ಯಾಸಿ) ರೇಡಿಯೋಗಳನ್ನು ರಿಪೇರಿ ಮಾಡುತ್ತೇನೆ. ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ರೇಡಿಯೋ ಜೋಡಿಸಿ, ಸ್ಟೇಷನ್ ನಡೆಯುವ ಹಾಗೆ ಮಾಡಿಕೊಡುತ್ತೇನೆ. ಲೈಸೆನ್ಸ್ ಪಡೆಯುವುದು ಹೇಗೆ, ಡೈಪೋಲ್ ಆಂಟೆನಾ ಕಟ್ಟುವುದು ಹೇಗೆ ಎಂದು ಇಲ್ಲಿ ಹೇಳಲು ಹೋಗುವುದಿಲ್ಲ. ಅದು ನಿಮಗೆ ಗೊತ್ತಿದೆ. ನಾನು ಹೇಳಬೇಕಾದದ್ದು ಆ "ಎಲ್ಲಾ ಫುಲ್" ಎಂಬ ಮಾತಿನ ಬಗ್ಗೆ, ಅಂದರೆ ಕಂಪ್ಯೂಟರಿನಿಂದ ರೇಡಿಯೋಗೆ ಹೋಗುವ ಧ್ವನಿಯನ್ನೂ ಪವರನ್ನೂ ಪೂರ್ತಿ ಏರಿಸಿಡುವುದರ ಬಗ್ಗೆ. ಅದನ್ನು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ಹೆಚ್ಚಿನವರು ಬಳಸುವುದು ಎಫ್‌ಟಿ8, ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ. ಅದಕ್ಕೆ ಬೇಕಾದ ಡಬ್ಲ್ಯೂಎಸ್‌ಜೆಟಿ-ಎಕ್ಸ್ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದರ ಕೋಡ್ ತೆರೆದು ನೋಡಬಹುದು. ಅದನ್ನು ಶುರುಮಾಡಿದವರು ಜೋ ಟೇಲರ್. ಆಕಾಶದ ಪಲ್ಸಾರ್ ಎಂಬ ನಕ್ಷತ್ರಗಳ ಕ್ಷೀಣ ಸಿಗ್ನಲ್‌ಗಳನ್ನು ಗದ್ದಲದೊಳಗಿಂದ ಹೆಕ್ಕಿ ತೆಗೆಯುವುದರಲ್ಲೇ ಆಯಸ್ಸು ಕಳೆದವರು, 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. 2017ರಲ್ಲಿ ಸ್ಟೀವ್ ಫ್ರಾಂಕ್ ಜೊತೆ ಸೇರಿ ಎಫ್‌ಟಿ8 ಕೊಟ್ಟರು. ಫ್ರಾಂಕ್‌ನ ಎಫ್, ಟೇಲರ್‌ನ ಟಿ, ಎಂಟು ಸ್ವರಗಳ 8. ಕಿವಿಗೆ ಏನೂ ಕೇಳದಿರುವಾಗಲೂ, ಗದ್ದಲಕ್ಕಿಂತ 20 ಡಿಬಿ (ಡೆಸಿಬೆಲ್) ಕೆಳಗಿರುವ ಸಿಗ್ನಲನ್ನೂ ಅದು ಓದುತ್ತದೆ. ಪಿಸುಮಾತು ಕೇಳಿಸಿಕೊಳ್ಳಲೆಂದೇ ಮಾಡಿದ ಸಾಧನ ಅದು. ಅದರೆದುರು ನಮ್ಮವರು ಗಂಟಲು ಹರಿಯುವ ಹಾಗೆ ಕೂಗುತ್ತಾರೆ.

ಜಾತ್ರೆಯ ಮೈಕ್‌ಸೆಟ್ ನೆನಪು ಮಾಡಿಕೊಳ್ಳಿ. ಹರಿಕಥೆ ನಡೆಯುತ್ತಿರುತ್ತದೆ. ಹಿಂದಿನವರಿಗೂ ಕೇಳಲಿ ಎಂದು ಯಾರೋ ಆಂಪ್ಲಿಫೈಯರ್‌ನ ತಿರುಗಣೆ ಪೂರ್ತಿ ತಿರುಗಿಸುತ್ತಾರೆ. ಶಬ್ದ ಊರಾಚೆಗೂ ಹೋಗುತ್ತದೆ, ಆದರೆ ದಾಸರು ಏನು ಹೇಳಿದರು ಅಂತ ಯಾರಿಗೂ ತಿಳಿಯುವುದಿಲ್ಲ. ಮಾತೆಲ್ಲ ಒಡೆದು ಗರಗರ. ಪಕ್ಕದ ಬೀದಿಯಲ್ಲಿ ಬೇರೆ ಕಾರ್ಯಕ್ರಮ ಇದ್ದರೆ ಅದೂ ಕೆಟ್ಟಿತು. ರೇಡಿಯೋದಲ್ಲೂ ಆಗುವುದು ಇದೇ.

ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಎಫ್‌ಟಿ8 ಸಿಗ್ನಲ್ ಎಂದರೆ ಕಂಪ್ಯೂಟರ್ ಹಾಡುವ ಒಂದು ಸಣ್ಣ ರಾಗ. ಒಂದು ಸಲಕ್ಕೆ ಒಂದೇ ಸ್ವರ. ಎಂಟು ಸ್ವರಗಳ ನಡುವೆ 6.25 ಹರ್ಟ್ಸ್ ಅಂತರ, ಒಟ್ಟು ಅಗಲ ಬರೀ 50 ಹರ್ಟ್ಸ್. ನೀವು 600 ಹರ್ಟ್ಸ್ ಹತ್ತಿರ ಕೂತಿದ್ದೀರಿ ಅನ್ನಿ. ಧ್ವನಿಯ ಮಟ್ಟ ಹದವಾಗಿದ್ದರೆ ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಪರದೆಯ ಚಿತ್ರದಲ್ಲಿ) ಒಂದು ತೆಳ್ಳನೆಯ ಗೆರೆ ಕಾಣುತ್ತದೆ, ಅಷ್ಟೇ. ಮಟ್ಟ ಮೀರಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ತಲೆ ಕತ್ತರಿಸಿದ ಅಲೆಯಲ್ಲಿ 600 ಮಾತ್ರ ಇರುವುದಿಲ್ಲ. ಅದರ ಎರಡರಷ್ಟು 1200, ಮೂರರಷ್ಟು 1800, ಹೀಗೆ ಮರಿಗಳು ಹುಟ್ಟುತ್ತವೆ. ಅವೆಲ್ಲ ರೇಡಿಯೋದ ಫಿಲ್ಟರ್ ಒಳಗೇ ಬರುವುದರಿಂದ ನೇರವಾಗಿ ಆಂಟೆನಾಗೆ ಹೋಗುತ್ತವೆ.

ಈ ಮರಿಗಳಿಂದ ನಿಮಗೆ ಲಾಭ ಉಂಟೇ? ಒಂದಿಷ್ಟೂ ಇಲ್ಲ. 1200ರಲ್ಲಿರುವ ಮರಿಯಲ್ಲಿ ಸ್ವರಗಳ ಅಂತರವೂ ಎರಡರಷ್ಟಾಗಿರುತ್ತದೆ, 1800ರಲ್ಲಿ ಮೂರರಷ್ಟು. ಅಂತರ ಬದಲಾದರೆ ಅದು ಎಫ್‌ಟಿ8 ಅಲ್ಲ. ಯಾವ ಕಂಪ್ಯೂಟರೂ ಅದನ್ನು ಓದುವುದಿಲ್ಲ. 50 ಹರ್ಟ್ಸ್ ಜಾಗದಲ್ಲಿ ಮುಗಿಯಬೇಕಾದ ಕೆಲಸಕ್ಕೆ ಇನ್ನೂ 100, ಇನ್ನೂ 150 ಹರ್ಟ್ಸ್ ಆಕ್ರಮಿಸಿಕೊಂಡು, ಅಲ್ಲಿ ಕೂತಿದ್ದ ಬಡಪಾಯಿಯ ಕ್ಷೀಣ ಸಿಗ್ನಲನ್ನು ಮುಚ್ಚಿಹಾಕಿದಿರಿ. 14.074 ಮೆಗಾಹರ್ಟ್ಸ್ ಇಡೀ ಪ್ರಪಂಚ ಹಂಚಿಕೊಂಡ 3 ಕಿಲೋಹರ್ಟ್ಸ್ ಓಣಿ. ಅಲ್ಲಿ ಹೀಗೆ ಮಾಡಬಾರದು.

ಪುತ್ತೂರಿನ ಹತ್ತಿರ ಒಬ್ಬ ಅಡಿಕೆ ಬೆಳೆಗಾರರಿದ್ದಾರೆ. ತೋಟದ ಅಂಚಿನ ಎರಡು ಮರಗಳ ನಡುವೆ 20 ಮೀಟರ್ ಬ್ಯಾಂಡಿನ ಡೈಪೋಲ್ ಕಟ್ಟಿದ್ದರು, ಬಲು ಅಚ್ಚುಕಟ್ಟು. ನನ್ನನ್ನು ಕರೆಸಿದ್ದು ಸಂಪರ್ಕಗಳ ದಾಖಲೆ ಇಡುವ ಲಾಗಿಂಗ್ ತಂತ್ರಾಂಶ ಹಾಕಿಕೊಡಲು. ಕೂತ ಕೂಡಲೇ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದರು. ದೂರದ ಗೆಳೆಯರೊಬ್ಬರು ತಮ್ಮ ವಾಟರ್‌ಫಾಲ್‌ನ ಚಿತ್ರ ಕಳಿಸಿದ್ದರು. ಒಂದು ದಪ್ಪ ಗೆರೆ, ಬಲಗಡೆ ಅದಕ್ಕಿಂತ ಅಗಲವಾದ ಎರಡು ಮಸುಕು ಪಟ್ಟಿ. "ನೋಡಿ, ನನ್ನ ಸಿಗ್ನಲ್ ಮೂರು ಕಡೆ ಕಾಣ್ತಾ ಉಂಟು ಮಾರಾಯ್ರೆ! ಅಷ್ಟು ಸ್ಟ್ರಾಂಗ್!" ಅವರ ಮುಖದಲ್ಲಿ ಅಷ್ಟು ಖುಷಿ. ಆ ಗೆಳೆಯರು ದೂರು ಹೇಳಲು ಕಳಿಸಿದ್ದ ಚಿತ್ರ ಅದು. ಸಂಕೋಚದಿಂದ ಕೆಳಗೆ ಏನೂ ಬರೆದಿರಲಿಲ್ಲ.

ನಾನು ಮೊದಲು ನೋಡಿದ್ದು ರೇಡಿಯೋದ ಎಎಲ್‌ಸಿ ಮೀಟರ್. ಒಳಬರುವ ಧ್ವನಿ ಮಿತಿ ಮುಟ್ಟಿದಾಗ ರೇಡಿಯೋ ತಾನೇ ಅದನ್ನು ತಗ್ಗಿಸುವುದಕ್ಕೆ ಎಎಲ್‌ಸಿ ಎನ್ನುತ್ತಾರೆ, ಎಷ್ಟು ತಗ್ಗಿಸುತ್ತಿದೆ ಎಂದು ಆ ಮೀಟರ್ ತೋರಿಸುತ್ತದೆ. ಆಶ್ಚರ್ಯ, ಅದು ಅಲುಗಾಡುತ್ತಲೇ ಇರಲಿಲ್ಲ. ಯಾರೋ ಹೇಳಿದ್ದರಂತೆ, ಎಎಲ್‌ಸಿ ಸೊನ್ನೆ ಇರಬೇಕು ಅಂತ. ಅದಕ್ಕೆ ರೇಡಿಯೋದ ಮೆನುವಿನಲ್ಲಿ ಯುಎಸ್‌ಬಿ ಧ್ವನಿಯ ಮಟ್ಟ ತೀರಾ ಇಳಿಸಿದ್ದರು. ಹಾಗಾದರೆ ಗಲೀಜು ಎಲ್ಲಿಂದ ಬಂತು? ಲಿನಕ್ಸ್‌ನ ವಾಲ್ಯೂಮ್ ಕಂಟ್ರೋಲ್ ತೆರೆದೆ. ಅಲ್ಲಿ ಪಟ್ಟಿ 153 ಪರ್ಸೆಂಟ್‌ವರೆಗೂ ಹೋಗುತ್ತದೆ. ಇವರು ಅಲ್ಲಿಗೇ ಎಳೆದಿಟ್ಟಿದ್ದರು.

ಇದನ್ನು ದಯವಿಟ್ಟು ಗಮನಿಸಿ. ಧ್ವನಿಯ ಮಟ್ಟ ಒಂದು ಕಡೆ ಅಲ್ಲ, ಮೂರು ಕಡೆ ಇದೆ. ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನ ಬಲಗಡೆ ಪವರ್ ಎಂಬ ಸ್ಲೈಡರ್ ಒಂದು. ಆಪರೇಟಿಂಗ್ ಸಿಸ್ಟಮ್‌ನ ವಾಲ್ಯೂಮ್ ಎರಡನೆಯದು. ರೇಡಿಯೋದೊಳಗಿನ ಮಟ್ಟ ಮೂರನೆಯದು. ಎಎಲ್‌ಸಿ ಮೀಟರ್ ಕಾಯುವುದು ಕೊನೆಯದನ್ನು ಮಾತ್ರ. ಕಂಪ್ಯೂಟರಿನಲ್ಲಿ 100ಕ್ಕಿಂತ ಮೇಲೆ ಹೋದರೆ ಅಲೆ ಸೌಂಡ್‌ಕಾರ್ಡ್ ಸೇರುವ ಮೊದಲೇ ಒಡೆದಿರುತ್ತದೆ. ಮೈಕಿನಲ್ಲೇ ಒಡೆದ ದನಿಯನ್ನು ಆಂಪ್ಲಿಫೈಯರಿನಲ್ಲಿ ತಗ್ಗಿಸಿದರೆ ಸಣ್ಣಗೆ ಒಡೆದ ದನಿ ಬರುತ್ತದೆ, ಅಷ್ಟೇ ಅಲ್ವಾ? ಒಮ್ಮೆ ಒಡೆದದ್ದು ಮುಂದೆ ಎಲ್ಲೂ ಕೂಡಿಕೊಳ್ಳುವುದಿಲ್ಲ.

ಅವತ್ತು ನಾವು ಮಾಡಿದ್ದು ಇಷ್ಟು. ಆಂಟೆನಾ ಬಿಚ್ಚಿ, ಸಿಗ್ನಲ್ ಗಾಳಿಗೆ ಹೋಗದಂತೆ ಪವರನ್ನು ನುಂಗುವ ಡಮ್ಮಿ ಲೋಡ್ ಹಾಕಿದೆವು. ರೇಡಿಯೋದಲ್ಲಿ ಮಾತಿನ ದನಿಯನ್ನು ಉಬ್ಬಿಸುವ ಸ್ಪೀಚ್ ಪ್ರೊಸೆಸರ್ ಆಫ್ ಮಾಡಿದೆವು. ತೀರಾ ಇಳಿಸಿದ್ದ ಮೆನುವಿನ ಮಟ್ಟವನ್ನು ಮತ್ತೆ ಏರಿಸಿದೆವು. ಔಟ್‌ಪುಟ್ 40 ವಾಟ್‌ಗೆ ಇಳಿಸಿದೆವು. ಲಿನಕ್ಸ್‌ನ ವಾಲ್ಯೂಮ್ 60ರ ಆಸುಪಾಸು. ಪವರ್ ಸ್ಲೈಡರ್ ಪೂರ್ತಿ ಕೆಳಗೆ. ಟ್ಯೂನ್ ಬಟನ್ ಒತ್ತಿ ಸ್ಲೈಡರನ್ನು ಮೆಲ್ಲಗೆ ಮೇಲಕ್ಕೆ ತಂದೆವು. ವಾಟ್ ಮೀಟರ್ ಏರುತ್ತಾ ಬಂತು, ಏರುತ್ತಾ ಬಂತು, ಒಂದು ಕಡೆ ನಿಂತಿತು. ಎಎಲ್‌ಸಿ ಆಗಷ್ಟೇ ಕಣ್ಣು ಬಿಟ್ಟಿತು. ಅಲ್ಲಿಂದ ಸ್ವಲ್ಪ ಕೆಳಗೆ ಇಳಿಸಿದೆವು, ಮೀಟರ್ ಒಂದೆರಡು ವಾಟ್ ಕಡಿಮೆ ತೋರಿಸುವಷ್ಟು. ಕೆಲಸ ಮುಗಿಯಿತು. ಆ ನಿಂತ ಜಾಗದ ಮೇಲೆ ಸ್ಲೈಡರ್ ಎಷ್ಟು ಏರಿಸಿದರೂ ಒಂದು ವಾಟ್ ಕೂಡ ಹುಟ್ಟುವುದಿಲ್ಲ. ಅದನ್ನು ಅವರ ಕೈಯಲ್ಲೇ ಮಾಡಿಸಿದೆ. ಮೀಟರ್ ನಿಂತದ್ದನ್ನು ಸ್ವತಃ ನೋಡಿದ ಮೇಲೆ ಅವರು ಮತ್ತೆ ವಾದ ಮಾಡಲಿಲ್ಲ.

ಒಂದು ಎಚ್ಚರಿಕೆ. ಎಲ್ಲ ರೇಡಿಯೋಗಳೂ ಒಂದೇ ಥರ ಅಲ್ಲ. ಕೆಲವು ರೇಡಿಯೋಗಳಲ್ಲಿ ಎಎಲ್‌ಸಿ ತುಸು ಏಳದೆ ಪೂರ್ತಿ ಪವರ್ ಬರುವುದೇ ಇಲ್ಲ, ಮೀಟರಿನಲ್ಲಿ ಗುರುತಿಸಿದ ವಲಯದೊಳಗೆ ಇದ್ದರೆ ಸಾಕು ಎಂದು ತಯಾರಕರೇ ಹೇಳುತ್ತಾರೆ. ಎಫ್‌ಟಿ8ನಂಥ ಒಂದೇ ಮಟ್ಟದ ಸ್ವರಕ್ಕೆ ಎಎಲ್‌ಸಿ ಸ್ವಲ್ಪ ಏಳುವುದೇ ಪಾಪವಲ್ಲ. ಅಲೆ ಎಲ್ಲೋ ಒಡೆಯುವುದು ಪಾಪ. ಹಾಗಾಗಿ ನನ್ನ ಮಾತಿಗಿಂತ ನಿಮ್ಮ ರೇಡಿಯೋದ ಕೈಪಿಡಿಗೆ ಬೆಲೆ ಕೊಡಿ. ಇನ್ನೊಂದು, ನಿಮ್ಮ ಕರೆಸಂಕೇತ (ಕಾಲ್‌ಸೈನ್) ಸರಿಯಾಗಿ 50 ಅಥವಾ 100 ಹರ್ಟ್ಸ್ ಆಚೀಚೆ ಮತ್ತೆ ಓದಿಸಿಕೊಳ್ಳುತ್ತಿದೆ ಎಂದು ಯಾರಾದರೂ ಹೇಳಿದರೆ ಅದು ಬೇರೆ ರೋಗ. ಬಹುಶಃ ಕರೆಂಟಿನ ಗುಂಯ್‌ಗುಡುವಿಕೆ ಧ್ವನಿಯೊಳಗೆ ನುಸುಳಿದೆ. ಅದಕ್ಕೆ ಅರ್ಥಿಂಗ್, ಕೇಬಲ್, ಪವರ್ ಸಪ್ಲೈ ನೋಡಬೇಕು.

ಮರಿಗಳ ಕಾಟದಿಂದ ಪಾರಾಗಲು ಡಬ್ಲ್ಯೂಎಸ್‌ಜೆಟಿ-ಎಕ್ಸ್ ತಾನೇ ಒಂದು ದಾರಿ ಇಟ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ಸ್ಪ್ಲಿಟ್ ಆಪರೇಷನ್ ಎಂದಿದೆ. ರಿಗ್ ಅಥವಾ ಫೇಕ್ ಇಟ್ ಆರಿಸಿದರೆ, ನೀವು ವಾಟರ್‌ಫಾಲ್‌ನಲ್ಲಿ ಎಲ್ಲೇ ಕೂತಿದ್ದರೂ ಕಂಪ್ಯೂಟರ್ ಹಾಡುವ ಸ್ವರ 1500ರಿಂದ 2000 ಹರ್ಟ್ಸ್ ನಡುವೆಯೇ ಇರುತ್ತದೆ. ಅದಕ್ಕೆ ತಕ್ಕಂತೆ ರೇಡಿಯೋದ ಆವರ್ತನವನ್ನು ಹ್ಯಾಮ್‌ಲಿಬ್ ಎಂಬ ರೇಡಿಯೋ ನಿಯಂತ್ರಿಸುವ ತಂತ್ರಾಂಶ ಸರಿಸುತ್ತದೆ. ಎರಡರಷ್ಟು ಎಂದರೆ 3000ಕ್ಕೆ ಹೋಯಿತು, ಮೂರರಷ್ಟು ಅದಕ್ಕೂ ಮೇಲೆ. ಹೆಚ್ಚಿನದು ಫಿಲ್ಟರಿನಲ್ಲಿ ಸಾಯುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ! ಇದೆಲ್ಲ ಕೈಪಿಡಿಯಲ್ಲಿದೆ, ಪುಕ್ಕಟೆ. ಓದುವವರು ಕಡಿಮೆ, "ಸಾಫ್ಟ್‌ವೇರ್ ಸರಿ ಇಲ್ಲ" ಎನ್ನುವವರು ಜಾಸ್ತಿ. ಆದರೆ ಇದನ್ನು ಹಾಕಿದೆ ಅಂತ ವಾಲ್ಯೂಮ್ ಮತ್ತೆ ಏರಿಸಬೇಡಿ.

ಪವರ್ ಬಗ್ಗೆಯೂ ಎರಡು ಮಾತು. 100 ವಾಟ್‌ನಿಂದ 50ಕ್ಕೆ ಇಳಿಸಿದರೆ ಕಳೆದುಕೊಳ್ಳುವುದು 3 ಡಿಬಿ. ಎದುರಿನವರಿಂದ ಮೈನಸ್ 12 ಡಿಬಿ ಎಂದು ಬರುತ್ತಿದ್ದ ಸಿಗ್ನಲ್ ರಿಪೋರ್ಟ್ ಮೈನಸ್ 15 ಆದೀತು. ಓದಲು ಅದು ಧಾರಾಳ. ಆದರೆ ರೇಡಿಯೋಗೆ ಆಗುವ ಉಪಕಾರ ದೊಡ್ಡದು. ಮಾತಾಡುವಾಗ ಪವರ್ ಏರಿಳಿಯುತ್ತದೆ, ಮಧ್ಯೆ ಉಸಿರಾಡುತ್ತೇವೆ. ಎಫ್‌ಟಿ8 ಹಾಗಲ್ಲ. 15 ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡ್ ಒಂದೇ ಸಮ ಪೂರ್ತಿ ಪವರ್. ನನ್ನ ಬೆಂಚಿಗೆ ಏಪ್ರಿಲ್, ಮೇ ತಿಂಗಳಲ್ಲಿ ಫೈನಲ್ (ಕೊನೆಯ ಹಂತದ ಪವರ್) ಟ್ರಾನ್ಸಿಸ್ಟರ್ ಸುಟ್ಟ ರೇಡಿಯೋಗಳು ಬರುತ್ತವೆ. ಏನು ಮಾಡ್ತಿದ್ರಿ ಅಂದರೆ ಉತ್ತರ ಒಂದೇ: ರಾತ್ರಿಯಿಡೀ ಎಫ್‌ಟಿ8, 100 ವಾಟ್. ಹೊಸ ಟ್ರಾನ್ಸಿಸ್ಟರಿನ ಬೆಲೆ ಹೇಳುವಾಗ ನನಗೇ ಬೇಸರವಾಗುತ್ತದೆ.

ಅಮೆರಿಕ ಸಿಗುವುದಿಲ್ಲ ಎಂಬ ದೂರಿಗೆ ಉತ್ತರ ಬೇರೆ. ನಮ್ಮಲ್ಲಿಂದ ಅಮೆರಿಕದ ನಡುಭಾಗಕ್ಕೆ ಹತ್ತಿರದ ದಾರಿ ಉತ್ತರ ಧ್ರುವದ ಹತ್ತಿರ ಹಾದು ಹೋಗುತ್ತದೆ. ಆ ದಾರಿ ತೆರೆದಾಗ 20 ವಾಟ್‌ಗೂ ಸಿಗುತ್ತಾರೆ. ಮುಚ್ಚಿದಾಗ ವಾಲ್ಯೂಮ್ ಏನು ಮಾಡೀತು? ಕಂಪ್ಯೂಟರಿನ ಗಡಿಯಾರವನ್ನೂ ನೋಡಿಕೊಳ್ಳಿ, ಒಂದು ಸೆಕೆಂಡಿಗಿಂತ ಜಾಸ್ತಿ ಹಿಂದೆ ಮುಂದೆ ಇರಬಾರದು. ಹಳೆಯ ರಾಸ್ಪ್‌ಬೆರಿ ಪೈಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದು, ಇಂಟರ್‌ನೆಟ್ ಇನ್ನೂ ಬಾರದಿದ್ದರೆ ಅದು ಹಳೇ ಸಮಯದಲ್ಲೇ ಓಡುತ್ತಿರುತ್ತದೆ.

ವಾಲ್ಯೂಮ್ ವಿಚಾರಕ್ಕೇ ಸೇರಿದ ಇನ್ನೊಂದು ಘಟನೆ ಹೇಳಲೇಬೇಕು. ಒಂದು ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಹೊಸದಾಗಿ ಸ್ಟೇಷನ್ ಶುರುಮಾಡಿದ್ದರು. ಆ ಮಕ್ಕಳ ಉತ್ಸಾಹ ಕಂಡರೆ ನನಗೆ ತುಂಬಾ ಇಷ್ಟ. ಒಂದು ಸಂಜೆ ಮನೆಯಲ್ಲಿ ಕೂತು ಅವರ ಸಿಗ್ನಲ್ ಕೇಳುತ್ತಿದ್ದೆ. ಎಫ್‌ಟಿ8 ಸ್ವರದ ನಡುವೆ "ಟಿಂಗ್" ಅಂತ ಸದ್ದು. ಮತ್ತೆ ಮತ್ತೆ. ಯಾರದೋ ವಾಟ್ಸಾಪ್ ಲ್ಯಾಪ್‌ಟಾಪಿನಲ್ಲಿ ತೆರೆದಿತ್ತು. ರೇಡಿಯೋದ ಯುಎಸ್‌ಬಿ ಚುಚ್ಚಿದಾಗ ಸಿಸ್ಟಮ್ ಅದನ್ನೇ ಮುಖ್ಯ ಸ್ಪೀಕರ್ ಎಂದುಕೊಂಡಿತ್ತು. ಬಂದ ಮೆಸೇಜಿನ ಸದ್ದೆಲ್ಲ ಗಾಳಿಗೆ ಹೋಗುತ್ತಿತ್ತು. ತಕ್ಷಣ ಫೋನ್ ಮಾಡಿದೆ. ಸೌಂಡ್ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪಿನ ಸ್ವಂತ ಸ್ಪೀಕರನ್ನು ಡಿಫಾಲ್ಟ್ ಮಾಡಿಸಿದೆ. ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನಲ್ಲಿ ಡಿಫಾಲ್ಟ್ ಎಂದು ಬಿಡದೆ ಯುಎಸ್‌ಬಿ ಕೋಡೆಕ್‌ನ (ರೇಡಿಯೋದೊಳಗಿನ ಸೌಂಡ್‌ಕಾರ್ಡಿನ) ಹೆಸರನ್ನೇ ಆರಿಸಲು ಹೇಳಿದೆ. ಎರಡು ನಿಮಿಷದ ಕೆಲಸ.

ನಿಮ್ಮ ಸಿಗ್ನಲ್ ಹೇಗಿದೆ ಎಂದು ತಿಳಿಯಲು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿರುವ ಕಿವಿಎಸ್‌ಡಿಆರ್ (KiwiSDR) ಎಂಬ ರಿಸೀವರ್‌ಗಳಿವೆ. ಯಾವುದಾದರೂ ದೂರದ ಊರಿನದನ್ನು ತೆರೆದು ನಿಮ್ಮದೇ ಗೆರೆ ನೋಡಿ. ಮನೆಯಲ್ಲೇ ಒಂದು ಆರ್‌ಟಿಎಲ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್) ಹಾಕಿ ಜಿಕ್ಯೂಆರ್‌ಎಕ್ಸ್ ತಂತ್ರಾಂಶದಲ್ಲಿ ನೋಡುವವರೂ ಇದ್ದಾರೆ. ಆದರೆ ಪಕ್ಕದಲ್ಲೇ ಟ್ರಾನ್ಸ್‌ಮಿಟರ್ ಇದ್ದಾಗ ಡಾಂಗಲ್ ತಾನೇ ತುಂಬಿ ತುಳುಕಿ ಇಲ್ಲದ ಮರಿಗಳನ್ನು ತೋರಿಸುತ್ತದೆ. ಅದನ್ನು ನಂಬಿ ಸುಮ್ನೆ ಗಾಬರಿಯಾಗಬೇಡಿ.

ಪುತ್ತೂರಿನವರು ಅವತ್ತಿನ ಮಟ್ಟಗಳನ್ನು ಒಂದು ಚೀಟಿಯಲ್ಲಿ ಬರೆದು ರೇಡಿಯೋದ ಮೇಲೆ ಅಂಟಿಸಿಕೊಂಡರು. ಲಿನಕ್ಸ್ 60, ರೇಡಿಯೋ ಮೆನು ಇಷ್ಟು, 40 ವಾಟ್. ಆರು ತಿಂಗಳ ಮೇಲೆ ಫೋನ್ ಮಾಡಿದ್ದರು. ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ವಾಲ್ಯೂಮ್ ತಾನಾಗಿ 100ಕ್ಕೆ ಹೋಗಿ ಕೂತಿತ್ತಂತೆ. "ಚೀಟಿ ನೋಡಿ ವಾಪಸ್ ಇಳಿಸಿದೆ ಮಾರಾಯ್ರೆ. ಆ ಗೆಳೆಯರ ಹತ್ತಿರ ಮತ್ತೊಂದು ಚಿತ್ರ ಕೇಳಿ ತರಿಸಿಕೊಂಡೆ." ಚಿತ್ರವನ್ನು ನನಗೂ ಕಳಿಸಿದರು. ಒಂದೇ ಗೆರೆ ಇತ್ತು.