ಹೊಲಿದ ಅಂಗಿ ಯಾರದ್ದು?

2020ರ ಜನವರಿ 23ರಂದು ಚೀನಾದ ವುಹಾನ್‌ಗೆ ಬೀಗ ಬಿತ್ತು. ಬಾಂಗ್ಲಾದೇಶದಲ್ಲಿ ಕೊರೋನಾದ ಮೊದಲ ಪ್ರಕರಣ ಪತ್ತೆಯಾದದ್ದು ಮಾರ್ಚ್ 8ಕ್ಕೆ. ಆದರೆ ಢಾಕಾ ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬಿಸಿ ಮುಟ್ಟಲು ಅಷ್ಟು ದಿನ ಬೇಕಾಗಲಿಲ್ಲ. ಚೀನಾದಿಂದ ಬರಬೇಕಿದ್ದ ಬಟ್ಟೆ, ಜಿಪ್, ಗುಂಡಿಗಳು ಫೆಬ್ರುವರಿಯಲ್ಲೇ ತಡವಾಗತೊಡಗಿದವು. ಬಟ್ಟೆ, ಲೈನಿಂಗ್, ದಾರ ಎಲ್ಲ ಇದ್ದೂ ಜಿಪ್ ಒಂದು ಬರದಿದ್ದರೆ ಜಾಕೆಟ್ ಆಗುವುದಿಲ್ಲ. ಹೊಲಿಗೆ ಲೈನೇ ನಿಲ್ಲುತ್ತದೆ.

ಇದು ಮೊದಲ ಪೆಟ್ಟು. ಮಾರ್ಚ್‌ನಲ್ಲಿ ಎರಡನೆಯದು ಎದುರು ದಿಕ್ಕಿನಿಂದ ಬಂತು. ಯುರೋಪ್, ಅಮೆರಿಕದಲ್ಲಿ ಅಂಗಡಿಗಳು ಮುಚ್ಚಿದವು, ಆರ್ಡರ್‌ಗಳು ರದ್ದಾದವು. ಬಾಂಗ್ಲಾದೇಶದ ಗಾರ್ಮೆಂಟ್ಸ್ ಮಾಲೀಕರ ಸಂಘದ ಲೆಕ್ಕದಂತೆ, ಸುಮಾರು 1,150 ಕಾರ್ಖಾನೆಗಳ 318 ಕೋಟಿ ಡಾಲರ್ ಮೊತ್ತದ ಆರ್ಡರ್‌ಗಳು ರದ್ದಾದವು ಇಲ್ಲವೇ ತಡೆಹಿಡಿಯಲ್ಪಟ್ಟವು. ಏಪ್ರಿಲ್‌ನಲ್ಲಿ ಉಡುಪು ರಫ್ತು ಹಿಂದಿನ ವರ್ಷಕ್ಕಿಂತ ಸುಮಾರು ಶೇ 85ರಷ್ಟು ಕುಸಿದು 37 ಕೋಟಿ ಡಾಲರ್ ಆಸುಪಾಸಿಗೆ ಇಳಿಯಿತು. ದೇಶದ ರಫ್ತಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಉಡುಪಿನದೇ ಆದ್ದರಿಂದ ಬೇರೆ ಸರಕು ತೋರಿಸಿ ಸಮಾಧಾನ ಮಾಡಿಕೊಳ್ಳುವ ದಾರಿಯೂ ಇರಲಿಲ್ಲ.

ಆರ್ಡರ್ ಹೋದರೆ ಲಾಭ ಹೋಯಿತು, ಅಷ್ಟೇ ತಾನೇ ಎನ್ನಬಹುದು. ಅಷ್ಟೇ ಅಲ್ಲ. ಇಲ್ಲಿನ ಹಣದ ಸರಪಳಿ ನೋಡಿ. ಒಂದು ಅಂಗಿಗೆ 5 ಡಾಲರ್‌ನಂತೆ ಒಂದು ಲಕ್ಷ ಅಂಗಿಯ ಆರ್ಡರ್ ಬಂತು ಎಂದುಕೊಳ್ಳೋಣ: 5 ಲಕ್ಷ ಡಾಲರ್. ಇದರಲ್ಲಿ 3 ಲಕ್ಷ ಡಾಲರ್ ಬಟ್ಟೆ, ಗುಂಡಿ, ಲೇಬಲ್‌ಗೇ ಬೇಕು. ಕಾರ್ಖಾನೆಯವರ ಕೈಯಲ್ಲಿ ಅಷ್ಟು ನಗದು ಇರುವುದಿಲ್ಲ. ಅವರು ಖರೀದಿದಾರರ ಎಲ್‌ಸಿಯನ್ನೋ (ಲೆಟರ್ ಆಫ್ ಕ್ರೆಡಿಟ್, ಅಂದರೆ ಹಣ ಕೊಡುವುದಾಗಿ ಬ್ಯಾಂಕ್ ಬರೆದುಕೊಡುವ ಭರವಸೆ ಪತ್ರ) ಬರೀ ಒಪ್ಪಂದ ಪತ್ರವನ್ನೋ ಬ್ಯಾಂಕಿಗೆ ತೋರಿಸಿ, ಅದರ ಬೆನ್ನಿಗೆ ಬಟ್ಟೆಯ ಮಿಲ್ಲಿನ ಹೆಸರಿಗೆ ಇನ್ನೊಂದು ಎಲ್‌ಸಿ ತೆರೆಸುತ್ತಾರೆ. ಇದೇ ‘ಬ್ಯಾಕ್ ಟು ಬ್ಯಾಕ್ ಎಲ್‌ಸಿ’. ಬಟ್ಟೆ ಈಗಲೇ ಬರುತ್ತದೆ, ಅದರ ಹಣ ಕೊಡಲು ಹಲವು ತಿಂಗಳ ಗಡುವು. ಅಷ್ಟರಲ್ಲಿ ಅಂಗಿ ಹೊಲಿದು ಕಳಿಸಿ, ಬಂದ ದುಡ್ಡಿನಲ್ಲಿ ಬಟ್ಟೆಯ ಬಾಕಿ ತೀರಿಸುವುದು ರೂಢಿ.

ಎಲ್ಲವೂ ಗಡಿಯಾರದಂತೆ ನಡೆದರೆ ಇದು ಸೊಗಸಾದ ಏರ್ಪಾಡು. ಮೊದಲನೆಯ ಆರ್ಡರ್ ರದ್ದಾದರೂ ಎರಡನೆಯ ಎಲ್‌ಸಿ ರದ್ದಾಗುವುದಿಲ್ಲ ಎಂಬುದೇ ಅದರ ಹುಳುಕು. ಗಡುವು ಮುಗಿದ ದಿನ ಬ್ಯಾಂಕ್ ಮಿಲ್ಲಿಗೆ ಹಣ ಕೊಟ್ಟೇ ಕೊಡುತ್ತದೆ. ಆ 3 ಲಕ್ಷ ಕಾರ್ಖಾನೆಯ ಹೆಸರಿನಲ್ಲಿ ಸಾಲವಾಗಿ ಕೂರುತ್ತದೆ. ಹೊಲಿದ ಅಂಗಿ ಗೋದಾಮಿನಲ್ಲಿ. ವಸಂತಕಾಲದ ಬಣ್ಣ, ಖರೀದಿದಾರರದೇ ಲೇಬಲ್. ಬೇರೆ ಯಾರಿಗೆ ಮಾರುವುದು?

ಎಲ್‌ಸಿ ಇದ್ದವರಿಗೆ ಸ್ವಲ್ಪ ರಕ್ಷಣೆಯಿತ್ತು: ದಾಖಲೆ ಸರಿಯಿದ್ದರೆ ಖರೀದಿದಾರರ ಬ್ಯಾಂಕ್ ಹಣ ಕೊಡಬೇಕು. ಆದರೆ ದೊಡ್ಡ ಬ್ರ್ಯಾಂಡ್‌ಗಳ ಜತೆಗಿನ ವಹಿವಾಟು ವರ್ಷಗಳಿಂದ ‘ಓಪನ್ ಅಕೌಂಟ್’ ಕಡೆಗೆ ಸರಿದಿತ್ತು. ಅಂದರೆ ಸರಕು ಕಳಿಸಿ 60ರಿಂದ 90 ದಿನ ಕಾಯಬೇಕು. ಆಧಾರ ನಂಬಿಕೆ ಮಾತ್ರ. ಒಪ್ಪಂದದಲ್ಲಿ ‘ಫೋರ್ಸ್ ಮೆಜ್ಯೂರ್’ ಎಂಬ, ದೈವಾಧೀನ ಸಂಕಟಕ್ಕೆ ಇಟ್ಟ ಷರತ್ತು ಬೇರೆ ಇತ್ತು. ಅದನ್ನು ಮುಂದೊಡ್ಡಿ ಹಣ ತಡೆದವರು ಕಡಿಮೆಯಿಲ್ಲ. ಸಾಂಕ್ರಾಮಿಕ ಎರಡೂ ಕಡೆ ಹಬ್ಬಿದ್ದರೂ ಷರತ್ತು ಕೆಲಸಕ್ಕೆ ಬಂದದ್ದು ಒಂದೇ ಕಡೆಗೆ. ಎಚ್ ಅಂಡ್ ಎಂ ನಂಥ ಕೆಲವರು ಹೊಲಿದಾಗಿದ್ದ, ಹೊಲಿಗೆಯಲ್ಲಿದ್ದ ಸರಕಿಗೆ ಹಣ ಕೊಡುವುದಾಗಿ ಮಾರ್ಚ್ ಕೊನೆಯಲ್ಲೇ ಹೇಳಿದರು. ರಫ್ತು ಕಾರ್ಖಾನೆಗಳ ಸಂಬಳಕ್ಕೆಂದು ಬಾಂಗ್ಲಾ ಸರ್ಕಾರ 5,000 ಕೋಟಿ ಟಾಕಾ ತೆಗೆದಿಟ್ಟಿತು. ಅದೂ ಶೇ 2ರ ಸೇವಾಶುಲ್ಕದ ಸಾಲವೇ.

ವಿದೇಶಿ ಬಂಡವಾಳದ ಕಥೆ ಬೇರೆ. ಷೇರು, ಬಾಂಡ್‌ಗಳಲ್ಲಿ ಹಾಕಿದ ದುಡ್ಡು ಒಂದು ಗುಂಡಿ ಒತ್ತಿದರೆ ಹೊರಡುತ್ತದೆ. 2020ರ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದಿಂದ ಇಂಥ ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಹಣ ಹೊರಹೋಯಿತು. ಡಾಲರ್ ಬೆಲೆ 76 ರೂಪಾಯಿ ದಾಟಿತು. ಕಾರ್ಖಾನೆ ಕಟ್ಟಿದ ಹಣ ಹಾಗೆ ಓಡಲಾರದು. ಆದರೆ ಹೊಸದಾಗಿ ಬರುವುದು ನಿಲ್ಲುತ್ತದೆ: ಆಗ ಜಾಗ ನೋಡಲು ವಿಮಾನವಿರಲಿಲ್ಲ, ಯಂತ್ರ ಕೂರಿಸುವ ತಂತ್ರಜ್ಞರಿಗೆ ವೀಸಾ ಇರಲಿಲ್ಲ, ಸಾಲ ಕೊಡುವವರು ಕೈಕಟ್ಟಿ ಕೂತಿದ್ದರು.

ಒಟ್ಟು ಮೊತ್ತವನ್ನಷ್ಟೇ ನೋಡಿದರೆ ಇದು ಕಾಣುವುದೇ ಇಲ್ಲ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್‌ನ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ ನೇರ ವಿದೇಶಿ ಹೂಡಿಕೆ ಶೇ 35ರಷ್ಟು ಇಳಿದರೆ, ಅಭಿವೃದ್ಧಿಶೀಲ ದೇಶಗಳಲ್ಲಿ ಇಳಿದದ್ದು ಶೇ 8ರಷ್ಟು ಮಾತ್ರ. ಭಾರತದಲ್ಲಂತೂ ಶೇ 27ರಷ್ಟು ಏರಿ 6,400 ಕೋಟಿ ಡಾಲರ್ ತಲುಪಿತು. ಆ ಏರಿಕೆಯ ದೊಡ್ಡ ಪಾಲು ಈಗಾಗಲೇ ನಡೆಯುತ್ತಿದ್ದ ಕಂಪನಿಗಳ ಷೇರಿಗೆ ಕೊಟ್ಟದ್ದು. ಜಿಯೋದಲ್ಲಿ ಶೇ 9.99ರ ಪಾಲಿಗೆ ಫೇಸ್‌ಬುಕ್ ಒಂದೇ 43,574 ಕೋಟಿ ರೂಪಾಯಿ ತೆತ್ತಿತು. ಅದೇ ವರ್ಷ ಅಭಿವೃದ್ಧಿಶೀಲ ದೇಶಗಳಲ್ಲಿ ಖಾಲಿ ನಿವೇಶನದ ಮೇಲೆ ಹೊಸದಾಗಿ ಕಟ್ಟುವ ವಿದೇಶಿ ಯೋಜನೆಗಳ ಘೋಷಣೆ ಶೇ 40ಕ್ಕೂ ಹೆಚ್ಚು ಕುಸಿದಿತ್ತು.